ನಲವತ್ತು ಮರದ ಮೀನುಗಳು

ಮೀನೆಂದರೆ ನನಗೆ ಹೇಸಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವಳು ಎಂದುಕೊಳ್ಳುವುದು ಬೇಡ. ಮೂವತ್ತೊಂದು ವರ್ಷ ಲಂಡನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೂತು ಊರವರ ರಕ್ತ, ಮೂತ್ರ, ಕಫ ಎಲ್ಲವನ್ನೂ ಮೂಗು ಮುಚ್ಚಿಕೊಳ್ಳದೆ ಪರೀಕ್ಷೆ ಮಾಡಿದವಳು ನಾನು. ಆದರೆ ಬೇಲಿಯ ಆಚೆಯಿಂದ ಮೀನು ಹುರಿಯುವ ವಾಸನೆ ಬಂದರೆ ಸಾಕು, ಮೈಸೂರಿನ ಅಗ್ರಹಾರದ ನಮ್ಮಜ್ಜಿ ನನ್ನೊಳಗಿಂದ ಎದ್ದು ಬಂದು ಕಿಟಕಿ ಮುಚ್ಚುತ್ತಾಳೆ.

ಲಂಡನ್ನಿನಂಚಿನ ಗ್ರೀನ್‌ಫರ್ಡಿನ ನಮ್ಮ ಬೀದಿಯಲ್ಲಿ ಮನೆಗಳು ಎರಡೆರಡಾಗಿ ಅಂಟಿಕೊಂಡು ನಿಂತಿವೆ. ನಮ್ಮ ಮನೆಗೆ ಅಂಟಿಕೊಂಡಿರುವುದು ವ್ಯಾಲೆಂಟೈನ್ ರೆಬೆಲ್ಲೊ ಅವರ ಮನೆ. ಮೂಲ್ಕಿಯವರು, ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ. ಹದಿನಾರು ವರ್ಷದ ಹಿಂದೆ ಅವರು ಈ ಮನೆಗೆ ಬಂದ ದಿನ ನನ್ನ ಯಜಮಾನರು, ಡಾಕ್ಟರ್ ಆನಂದತೀರ್ಥ, ಬೇಲಿಯ ಮೇಲಿಂದ ಕೈ ಚಾಚಿ 'ಕನ್ನಡದವರಾ!' ಎಂದು ಕುಣಿದಾಡಿದ್ದರು. ನಾನು ಒಳಗೆ ಕಿಟಕಿಯ ಚಿಲಕಗಳು ಭದ್ರವಾಗಿವೆಯೇ ಎಂದು ನೋಡುತ್ತಿದ್ದೆ. ಯಜಮಾನರು ಹೋಗಿ ಐದು ವರ್ಷವಾಯಿತು. ಅಲ್ಲಿಂದೀಚೆಗೆ ಬುಧವಾರ ಬೆಳಿಗ್ಗೆ ನನ್ನ ಕಸದ ಡಬ್ಬಿಯನ್ನು ಬೀದಿಗೆ ತಳ್ಳುವುದು, ಬಾಯ್ಲರ್ ಮುನಿಸಿಕೊಂಡರೆ ಬಂದು ನೋಡುವುದು, ಹಿಮ ಬಿದ್ದರೆ ನನ್ನ ಬಾಗಿಲ ಮುಂದೆ ಉಪ್ಪು ಎರಚುವುದು, ಎಲ್ಲ ವ್ಯಾಲೆಂಟೈನರೇ. ನಾನು ಕೇಳಿ ಮಾಡಿಸಿಕೊಂಡದ್ದಲ್ಲ, ಅವರಾಗಿ ಮಾಡುತ್ತಾ ಬಂದದ್ದು.

ಅವರ ಮೂಲ ಕೆಲಸ ಅಚ್ಚಿನ ಮರಗೆಲಸ. ಮಂಗಳೂರಿನ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೊದಲು ಪಂಪೋ ಚಕ್ರವೋ, ಏನೇ ಇರಲಿ, ಅದನ್ನು ಮರದಲ್ಲಿ ಮಾಡಿಕೊಡುತ್ತಿದ್ದರು. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ, ಅಚ್ಚು ತೆಗೆದು, ಕಬ್ಬಿಣ ಸುರಿಯುತ್ತಾರಂತೆ. ಮರದ ರೂಪ ಕೂದಲೆಳೆಯಷ್ಟು ತಪ್ಪಿದರೆ ನೂರು ಎರಕ ತಪ್ಪಿದ ಹಾಗೆ. ಹೆಂಡತಿ ವೈಲೆಟ್ ನರ್ಸ್ ಕೆಲಸ ಹಿಡಿದು ಲಂಡನ್ನಿಗೆ ಬಂದಾಗ ಇವರೂ ಬಂದರು. ಇಲ್ಲಿ ಅವರಿಗೆ ಸಿಕ್ಕಿದ್ದು ಗೋದಾಮಿನ ಫೋರ್ಕ್‌ಲಿಫ್ಟ್. ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಬೆರಳಲ್ಲಿ ಸವರಿ ಹೇಳುವ ಮನುಷ್ಯ ಹತ್ತೊಂಬತ್ತು ವರ್ಷ ಟಾಯ್ಲೆಟ್ ಪೇಪರಿನ ಕಟ್ಟುಗಳನ್ನು ಈ ಕಪಾಟಿನಿಂದ ಆ ಕಪಾಟಿಗೆ ಸಾಗಿಸಿದರು. ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ. ಅವರಿಗೆ ಉರಿಯುತ್ತಿರಲಿಲ್ಲ. "ಕೂತುಕೊಂಡು ಮಾಡುವ ಕೆಲಸ ಅಕ್ಕಾ, ಒಳ್ಳೇದೇ" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಮನುಷ್ಯ ಪೂರ್ತಿ ಮಂಕಾದರು. ಬಲಗೈಯ ಹೆಬ್ಬೆರಳಿನ ಗೆಣ್ಣು ಊದಿಕೊಂಡು, ಉಳಿ ಹಿಡಿದರೆ ನಡುಗುತ್ತಿತ್ತು. ಬಡಾವಣೆಯ ಡಾಕ್ಟರು ನೋಡಿ, ಕೀಲು ಸವೆದಿದೆ, ಅಷ್ಟೇ ಅಂದನಂತೆ. ವೈಲೆಟ್ ಇನ್ನೂ ಆಸ್ಪತ್ರೆಯ ಪಾಳಿಗಳಲ್ಲಿ ಓಡಾಡುತ್ತಿದ್ದಳು. ಇವರು ಕಾಲುವೆಯ ದಂಡೆಯಲ್ಲಿ ನಡೆಯಲು ಹೋಗುತ್ತಿದ್ದರು. ಅಲ್ಲಿ ಅವರಿಗೆ ಗಾಳದವರ ಸಂಘ ಸಿಕ್ಕಿತು.

ಆ ಕಾಲುವೆಯ ಬಗ್ಗೆ ನನ್ನನ್ನು ಕೇಳಬೇಡಿ. ಬೂದು ನೀರು, ಅದರಲ್ಲಿ ಮುಳುಗಿದ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ, ಗಿಡಕ್ಕೆ ನೇತುಹಾಕಿದ ನಾಯಿಹೇಲಿನ ಪುಟ್ಟ ಪುಟ್ಟ ಚೀಲಗಳು. ಆ ದಂಡೆಯ ಮೇಲೆ ಹಸಿರು ಛತ್ರಿ ಬಿಚ್ಚಿಕೊಂಡು ದಿನವಿಡೀ ಕೂರುವ ಗಂಡಸರು. ಮೀನಿಗೆ ಹಾಕುವ ಬಿಳಿ ಹುಳುಗಳನ್ನು ಆ ಗಾಳದವರು ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಬಾಟಲಿಯ ಪಕ್ಕದಲ್ಲಿ ಇಡುತ್ತಾರಂತೆ! ಇನ್ನೂ ಒಂದಿದೆ. ಮೀನು ಹಿಡಿದು, ತೂಕ ಹಾಕಿ, ಎದೆಗವಚಿಕೊಂಡು ಫೋಟೊ ತೆಗೆಸಿಕೊಂಡು, ಕೆಲವರು ಅದರ ಲೋಳೆ ಮೂತಿಗೆ ಮುತ್ತನ್ನೂ ಕೊಟ್ಟು, ಮತ್ತೆ ನೀರಿಗೆ ಬಿಡುತ್ತಾರೆ. ತಿನ್ನುವ ಹಾಗಿಲ್ಲ, ಅದು ನಿಯಮ.

"ಬಿಡೋದಾದ್ರೆ ಹಿಡಿಯೋದು ಯಾಕೆ ಅಕ್ಕಾ?" ಎಂದು ವ್ಯಾಲೆಂಟೈನ್ ನನ್ನನ್ನೇ ಕೇಳಿದ್ದರು. "ಅದರ ಬಾಯಿಗೆ ಗಾಳ ಹಾಕಿ ಎಳೆದು, ಗಾಳಿಗೆ ಒದ್ದಾಡಿಸಿ, ಫೋಟೊ ತೆಗೆದು ಬಿಡುವುದು. ನನ್ನ ಅಪ್ಪ ನೋಡಿದ್ರೆ ದೋಣಿಯಿಂದ ಇಳಿಸಿ ಹೊಡೀತಿದ್ರು."

"ಮತ್ತೆ ಯಾಕೆ ಹೋಗ್ತೀರಿ ಅಲ್ಲಿಗೆ?"

"ಅಲ್ಲಿ ನನ್ನ ಹೆಸರು ಕರೀತಾರೆ" ಅಂದರು.

ಮೂರು ವರ್ಷ ಅತಿಥಿಯ ಚೀಟಿ ಹಿಡಿದುಕೊಂಡು ಹೋದರು. ಅತಿಥಿ ದಂಡೆಯ ಕೊನೆಯಲ್ಲಿ, ಸೇತುವೆಯ ನೆರಳಿನಲ್ಲಿ ಕೂರಬೇಕು, ಸಭೆಗೆ ಬರುವಂತಿಲ್ಲ. ಆದರೆ ಯಾರದ್ದಾದರೂ ಮರದ ಮೀನು ಮುರಿದರೆ ಎಲ್ಲರೂ ಓಡಿ ಬರುತ್ತಿದ್ದದ್ದು ಇವರ ಬಳಿಗೆ. ಮರದ ಮೀನೆಂದರೆ ಗೇಣುದ್ದದ ಬಣ್ಣದ ತುಂಡು. ಹೊಟ್ಟೆಗೆ ಸೀಸ, ಮೂತಿಗೆ ತಗಡಿನ ನಾಲಿಗೆ, ಅಡಿಗೆ ಮುಳ್ಳು. ದಾರ ಕಟ್ಟಿ ನೀರಲ್ಲಿ ಎಳೆದರೆ ಅದು ಜೀವವಿರುವ ಮೀನಿನಂತೆ ಓಲಾಡುತ್ತದೆ, ದೊಡ್ಡ ಮೀನು ಮೋಸಹೋಗಿ ಕಚ್ಚುತ್ತದೆ.

ಸಂಘದ ಕಾರ್ಯದರ್ಶಿ ಡೆರಿಕ್ ಎಂಬ ಕೆಂಪು ಮುಖದವನು. ಕಳೆದ ಬೇಸಿಗೆಯಲ್ಲಿ ಅವನು ಒಂದು ಹಳೆಯ ಮರದ ಮೀನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ತಂದುಕೊಟ್ಟ. ಸಂಘ ಕಟ್ಟಿದಾತ ಎಪ್ಪತ್ತೈದು ವರ್ಷದ ಹಿಂದೆ ಕೈಯಾರೆ ಕೆತ್ತಿದ್ದಂತೆ, ಉಳಿದಿರುವುದು ಅದೊಂದೇ. ನವೆಂಬರಿನಲ್ಲಿ ಸಂಘದ ಎಪ್ಪತ್ತೈದನೆಯ ವರ್ಷದ ಪಂದ್ಯ. ಆ ದಿನ ಪ್ರತಿಯೊಬ್ಬ ಸದಸ್ಯನೂ ಇದರದ್ದೇ ತದ್ರೂಪು ಹಾಕಿ ಪೈಕ್ ಮೀನು ಹಿಡಿಯಬೇಕೆಂದು ಅವನ ಆಸೆ. ಸಂಘಕ್ಕೆ ನಲವತ್ತೇ ಜನ ಸದಸ್ಯರು, ಹೆಚ್ಚು ಮಾಡುವುದಿಲ್ಲ. ಒಬ್ಬ ಮುದುಕ ತೀರಿಕೊಂಡು ಈಗ ಮೂವತ್ತೊಂಬತ್ತು.

"ನಲವತ್ತು ಮಾಡು, ವ್ಯಾಲ್. ನಲವತ್ತನೆಯದು ನಿನಗೆ" ಎಂದನಂತೆ ಡೆರಿಕ್. ಪಂದ್ಯದ ದಿನ ಮಧ್ಯಾಹ್ನ ಸದಸ್ಯರೆಲ್ಲ ಕೈಯೆತ್ತಿ ಇವರನ್ನು ನಲವತ್ತನೆಯ ಸದಸ್ಯನೆಂದು ಒಪ್ಪುವುದು, ಅದೊಂದು ಶಾಸ್ತ್ರ, ಅಷ್ಟೇ.

ಇದನ್ನು ನನಗೆ ಹೇಳುವಾಗ ವ್ಯಾಲೆಂಟೈನರ ಮುಖ ನೋಡಬೇಕಿತ್ತು. ಅರವತ್ತೈದು ವರ್ಷದ ಗಂಡಸು, ಇಬ್ಬರು ಮಕ್ಕಳ ಮದುವೆ ಮಾಡಿದವರು, ಮೊದಲ ರ‍್ಯಾಂಕ್ ಬಂದ ಹುಡುಗನ ಹಾಗೆ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟೇ ಬಂತು. ಹುಳು ಹಿಡಿದ ಕೈಯಲ್ಲೇ ಸ್ಯಾಂಡ್‌ವಿಚ್ ತಿನ್ನುವ ಆ ಜನ ಸಾಲಿನಲ್ಲಿ ಒಂದು ಜಾಗ ಕೊಡುತ್ತೇವೆ ಅಂದದ್ದಕ್ಕೆ ಇಷ್ಟೊಂದು ಹಿಗ್ಗೇ?

ವ್ಯಾಲೆಂಟೈನ್ ಮೊದಲು ಕೈಯಲ್ಲಿ ಎರಡು ಕೆತ್ತಿದರು. ಒಂದು ನೀರಲ್ಲಿ ಎಡಕ್ಕೆ ಎಳೆಯಿತು, ಇನ್ನೊಂದು ಮಲಗಿಬಿಟ್ಟಿತು. ಹೆಬ್ಬೆರಳು ಟೊಮೇಟೊ ಹಾಗೆ ಊದಿತು. ನಲವತ್ತು ಕೆತ್ತುವುದು ಆ ಕೈಯಿಂದ ಆಗುವ ಮಾತಲ್ಲ. ಆಗ ಅವರು ಹಿತ್ತಲಿನ ಶೆಡ್ಡಿನಲ್ಲಿ ಯಂತ್ರ ಕಟ್ಟಲು ಕೂತರು.

ನನಗೆ ಅದು ಗೊತ್ತಾದದ್ದು ಸಂಡಿಗೆಯಿಂದ. ಲಂಡನ್ನಿನಲ್ಲಿ ವರ್ಷಕ್ಕೆ ನಾಲ್ಕು ದಿನ ಬಿಸಿಲು ಬಂದರೆ ಅದರಲ್ಲಿ ಎರಡು ದಿನ ನಾನು ಸಂಡಿಗೆ ಇಡುತ್ತೇನೆ. ಅವತ್ತು ಒಣಗಲಿಟ್ಟ ತಟ್ಟೆಯ ಮೇಲೆಲ್ಲ ಕೆಂಪು ಮರದ ಹೊಟ್ಟು. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೋದೆ. ಶೆಡ್ಡಿನೊಳಗೆ ವ್ಯಾಲೆಂಟೈನ್ ಹುಬ್ಬು ರೆಪ್ಪೆಯೆಲ್ಲ ಹೊಟ್ಟು ತುಂಬಿಕೊಂಡು, ಸುಟ್ಟು ಹೊಗೆಯಾಡುತ್ತಿದ್ದ ಡ್ರಿಲ್ಲನ್ನು ನೋಡುತ್ತಾ ನಿಂತಿದ್ದರು.

"ಡ್ರಿಲ್ಲಿನ ಮೋಟಾರಿಗೆ ಶಕ್ತಿ ಸಾಲುದಿಲ್ಲ ಮಾರಾಯ್ರೆ" ಅಂದರು. "ನಿಧಾನಕ್ಕೂ ಜೋರಿಗೂ ತಿರುಗಿಸಲಿಕ್ಕೆ ಬರುವ ಮೋಟಾರ್ ಬೇಕು."

ಜಗಳ ಮರೆತುಹೋಯಿತು. ನಮ್ಮನೆಯ ಮಹಡಿಯಲ್ಲಿ ಯಜಮಾನರ ಟ್ರೆಡ್‌ಮಿಲ್ ಇತ್ತು. ಊರವರ ಮಂಡಿ ರಿಪೇರಿ ಮಾಡಿದ ಡಾಕ್ಟರು ಅದನ್ನು ಕೊಂಡು ನಾಲ್ಕು ದಿನ ನಡೆದು, ಆಮೇಲೆ ಪಂಚೆ ಒಣಹಾಕಲು ಬಿಟ್ಟಿದ್ದರು. "ಅದರದ್ದು ಬಿಚ್ಚಿಕೊಳ್ಳಿ" ಅಂದೆ. ಅಲ್ಲಿಂದ ನಾನೂ ಆ ಶೆಡ್ಡಿನಲ್ಲಿ ಸಿಕ್ಕಿಹಾಕಿಕೊಂಡೆ. ಗೋಂದು, ಬಣ್ಣ, ಒದ್ದೆ ಮರ, ಮೂಲೆಯಲ್ಲಿ ಒಣಮೀನಿನ ಡಬ್ಬ. ಮೂಗಿಗೆ ಸೆರಗು ಹಿಡಿದುಕೊಂಡೇ ಕೂರುತ್ತಿದ್ದೆ. ಆದರೂ ದಿನಾ ಹೋಗುತ್ತಿದ್ದೆ.

ಯಂತ್ರ ಕೆಲಸ ಮಾಡುವ ಬಗೆ ನನಗೂ ಅರ್ಥವಾಗುವಷ್ಟು ಸರಳ. ಮುಂದುಗಡೆ ಒಂದು ಮರದ ತುಂಡು ಎರಡು ಮೊನೆಗಳ ನಡುವೆ ಗರಗರ ತಿರುಗುತ್ತದೆ. ಹಿಂದುಗಡೆ, ಅದಕ್ಕೆ ಸರಿಸಮವಾಗಿ, ಮಾದರಿ ಮೀನು ಅಲುಗಾಡದೆ ಕೂತಿರುತ್ತದೆ. ಹಿಂದಕ್ಕೂ ಮುಂದಕ್ಕೂ ಪಕ್ಕಕ್ಕೂ ಜಾರುವ ಒಂದು ಹಲಗೆಯ ಮೇಲೆ ಎರಡು ವಸ್ತು: ಮಾದರಿಯನ್ನು ಮುಟ್ಟುವ ಬೆರಳಿನಂಥ ಕಡ್ಡಿ, ಮರವನ್ನು ಕೆರೆಯುವ ಅಲಗು. ಬೆರಳು ಮಾದರಿಯ ಮೈಯನ್ನು ಸವರುತ್ತಾ ಹೋದಂತೆ, ಅಲಗು ತಿರುಗುವ ಮರವನ್ನು ಅದೇ ಏರು ಅದೇ ತಗ್ಗಿಗೆ ಕೆರೆಯುತ್ತಾ ಹೋಗುತ್ತದೆ. ಕೈಗೆ ಬಲ ಬೇಡ, ನಡುಗಿದರೂ ಪರವಾಗಿಲ್ಲ. ಹಲಗೆ ಜಾರಲು ಹಳಿಗಳು ಬೇಕಾದಾಗ ವೈಲೆಟಳ ಅಡುಗೆಮನೆಯ ಎರಡು ಡ್ರಾಯರುಗಳ ಹಳಿ ಬಿಚ್ಚಿದರು. ಚಮಚ ಸೌಟುಗಳೆಲ್ಲ ಒಂದು ತಿಂಗಳು ಬಕೆಟ್ಟಿನಲ್ಲಿದ್ದವು. ವೈಲೆಟ್ ಕೊಂಕಣಿಯಲ್ಲಿ ಬೈದದ್ದು ಗೋಡೆಯಾಚೆಯಿಂದ ನನಗೆ ಚೆನ್ನಾಗಿ ಅರ್ಥವಾಯಿತು.

ಡೆರಿಕ್ ಕೊಟ್ಟ ಹಳೆಯ ಮೀನನ್ನು ಉಕ್ಕಿನ ಕಡ್ಡಿಗೆ ಒಡ್ಡಲು ವ್ಯಾಲೆಂಟೈನರಿಗೆ ಮನಸ್ಸಾಗಲಿಲ್ಲ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ರೆಸಿನ್ ಸುರಿದು, ಕಲ್ಲಿನಷ್ಟು ಗಟ್ಟಿಯಾದ ಇನ್ನೊಂದು ಮೀನು ಮಾಡಿ ಅದನ್ನು ಮಾದರಿಯ ಜಾಗದಲ್ಲಿ ಕೂರಿಸಿದರು. ಮೊದಲ ಪ್ರತಿ ಹೊರಬಂದಾಗ ಇಬ್ಬರೂ ದಂಗಾದೆವು. ಮೀನಿಗೆ ನಡುವಿನಲ್ಲಿ ಸೊಂಟ! ಹಳೆಯ ಮೀನಿನ ಒಂದು ಪಕ್ಕದಲ್ಲಿ ಎಂದೋ ಪೈಕ್ ಕಚ್ಚಿದ ಸಣ್ಣ ಗುಳಿ ಇತ್ತು. ಬೆರಳು ಆ ಗುಳಿಗೆ ಇಳಿದಾಗ, ತಿರುಗುತ್ತಿದ್ದ ಮರದ ಸುತ್ತಲೂ ಅದು ಉಂಗುರವಾಗಿ ಕೊರೆದಿತ್ತು. ಮಾದರಿಯನ್ನು ಮಗ್ಗುಲು ಬದಲಿಸಿ ಕೂರಿಸಿದರು. ಸೊಂಟ ಹೋಯಿತು, ಆದರೆ ಕುತ್ತಿಗೆ ಸಣಕಲಾಯಿತು. ಅದಕ್ಕೆ ಕಾರಣ ಹುಡುಕಲು ಒಂದು ವಾರ ಬೇಕಾಯಿತು. ಬೆರಳಿನ ತುದಿ ಚೂಪು, ಅಲಗಿನ ತುದಿ ದುಂಡು. ಚೂಪಾದದ್ದು ಇಳಿಯುವಷ್ಟು ಆಳಕ್ಕೆ ದುಂಡಗಿನದೂ ಇಳಿದರೆ ಅಕ್ಕಪಕ್ಕದ ಮರವನ್ನೂ ತಿನ್ನುತ್ತದೆ. ಹಿತ್ತಾಳೆಯ ಸರಳೊಂದನ್ನು ಅಲಗಿನಷ್ಟೇ ದುಂಡಗೆ ಉಜ್ಜಿ ಉಜ್ಜಿ ಹೊಸ ಬೆರಳು ಮಾಡಿದರು. ಉಜ್ಜುವಾಗ ಅವರು ಕಣ್ಣು ಮುಚ್ಚಿಕೊಂಡು ಎಡಗೈಯ ತೋರುಬೆರಳಿನಲ್ಲಿ ಸವರಿ ನೋಡುತ್ತಿದ್ದ ರೀತಿ ನೋಡಿ, ಈ ಮನುಷ್ಯನ ಹತ್ತೊಂಬತ್ತು ವರ್ಷವನ್ನು ಈ ಊರು ಏನು ಮಾಡಿಬಿಟ್ಟಿತು ಎಂದು ನನಗೆ ಅಸಹ್ಯವಾಯಿತು.

ಸರಿಯಾಗಿ ಬಂದ ಮೊದಲ ಮೀನಿಗೆ ಸೀಸ ತುಂಬಿ, ನಾಲಿಗೆ ಸಿಕ್ಕಿಸಿ, ಅವರ ಬಾತ್‌ಟಬ್ಬಿನಲ್ಲಿ ಎಳೆದು ನೋಡಿದೆವು. ಅದು ಬಾಲ ಆಡಿಸುತ್ತಾ ಟಬ್ಬಿನ ಈ ತುದಿಯಿಂದ ಆ ತುದಿಗೆ ನೇರವಾಗಿ ಈಜಿತು. ಚೆಂದವಿತ್ತು, ಒಪ್ಪಿಕೊಳ್ಳುತ್ತೇನೆ. ವ್ಯಾಲೆಂಟೈನ್ ಇನ್ನೊಂದು ಸಲ ಎಳೆದರು, ಮತ್ತೊಂದು ಸಲ ಎಳೆದರು. ಅಕ್ಟೋಬರ್ ಮುಗಿಯುವಷ್ಟರಲ್ಲಿ ನಲವತ್ತು ಮೀನು ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಒಣಗುತ್ತಿದ್ದವು. ಅವುಗಳ ಬೆನ್ನಿಗೆ ಹಸಿರು ಬಳಿದದ್ದು ನಾನು. ಹೌದು, ನಾನೇ.

ಪಂದ್ಯದ ಶನಿವಾರ ವೈಲೆಟಳಿಗೆ ಪಾಳಿ ಇತ್ತು. ನಲವತ್ತು ಮೀನಿನ ಪೆಟ್ಟಿಗೆ, ಗಾಳ, ಬಲೆ, ಚಾಪೆ ಎಲ್ಲ ಹೊತ್ತು ಬಸ್ಸಿನಲ್ಲಿ ಹೋಗುವುದು ಹೇಗೆ? ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಬಿಟ್ಟು ವಾಪಸ್ ಬರಬಹುದಿತ್ತು. ಬರಲಿಲ್ಲ. ಅವರಿಗೆ ಚಪ್ಪಾಳೆ ತಟ್ಟುವುದನ್ನು ನೋಡಬೇಕೆನ್ನಿಸಿತು.

ತಟ್ಟಿದರು. ಡೆರಿಕ್ ಪೆಟ್ಟಿಗೆ ತೆಗೆದು ಒಬ್ಬೊಬ್ಬರಿಗೂ ಒಂದೊಂದು ಹಂಚಿದ. ದಪ್ಪ ಕೋಟಿನ ಆ ಗಂಡಸರು ಮೀನನ್ನು ಅಂಗೈಯಲ್ಲಿಟ್ಟು ತೂಗಿ, ಪಕ್ಕದವನದ್ದರ ಜೊತೆ ಹೋಲಿಸಿ, ತಲೆಯಾಡಿಸಿದರು. 'ವೆಲ್ ಡನ್, ವ್ಯಾಲ್' ಎಂದು ಬೆನ್ನು ತಟ್ಟಿದರು. ನಲವತ್ತನೆಯದನ್ನು ಡೆರಿಕ್ ವ್ಯಾಲೆಂಟೈನರ ಕೈಗೇ ಇಟ್ಟು, ಸೇತುವೆಯಡಿಯಿಂದ ಎಬ್ಬಿಸಿ, ಸಾಲಿನ ನಡುವೆ ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡ. ನಾನು ಮಡಿಸುವ ಕುರ್ಚಿ ಹಾಕಿಕೊಂಡು ದೂರದಲ್ಲಿ ಕೂತೆ. ಕಾಲು ಮರಗಟ್ಟುವ ಚಳಿ. ಕೊಳೆತ ಎಲೆ, ಸಿಗರೇಟು, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಎಲ್ಲ ಸೇರಿದ ವಾಸನೆ.

ಹನ್ನೊಂದೂವರೆಗೆ ವ್ಯಾಲೆಂಟೈನರ ಗಾಳ ಬಾಗಿತು. ಎಲ್ಲರೂ ತಮ್ಮ ತಮ್ಮ ಗಾಳ ಕೆಳಗಿಟ್ಟು ಓಡಿಬಂದರು. ನಾನೂ ಎದ್ದು ಹೋದೆ. ಹತ್ತು ನಿಮಿಷ ಜಗ್ಗಾಡಿ ಮೇಲೆಳೆದು ಚಾಪೆಯ ಮೇಲೆ ಮಲಗಿಸಿದ ಆ ಪ್ರಾಣಿ ನನ್ನ ತೋಳಿಗಿಂತ ಉದ್ದವಿತ್ತು. ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಬಾಯಿ, ಅದರ ತುಂಬ ಹಲ್ಲು, ಲೋಳೆ ಸುರಿಯುವ ಹಸಿರು ಮೈ. ಮುಳ್ಳು ಗಂಟಲ ತನಕ ಹೋಗಿ ಕಿವಿರನ್ನು ಹರಿದಿತ್ತು. ಕಿವಿರಿನಿಂದ ರಕ್ತ ಬಳಬಳ ಚಾಪೆಗೆ ಇಳಿಯುತ್ತಿತ್ತು. ಹದಿನೆಂಟು ಪೌಂಡು ಎಂದು ಯಾರೋ ಕೂಗಿದರು. ಡೆರಿಕ್ ಕ್ಯಾಮರಾ ತೆಗೆದು, ಎತ್ತಿ ಹಿಡಿ ವ್ಯಾಲ್, ಮುಖ ಈ ಕಡೆ, ಇನ್ನೊಂದು, ಇನ್ನೊಂದು ಎನ್ನುತ್ತಿದ್ದ. ಮೀನು ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು.

ವ್ಯಾಲೆಂಟೈನ್ ಒಮ್ಮೆ ಅದರ ಮುಖ ನೋಡಿದರು. ಆಮೇಲೆ ಅದನ್ನು ಚಾಪೆಯ ಮೇಲಿಟ್ಟು, ಚೀಲದಿಂದ ಒಂದು ಗಟ್ಟಿ ಮರದ ಕೋಲು ತೆಗೆದು, ಕಣ್ಣುಗಳ ಹಿಂದೆ ಒಂದೇ ಪೆಟ್ಟು ಹಾಕಿದರು. ಮೀನು ತಣ್ಣಗಾಯಿತು. ಎಲ್ಲ ಎಷ್ಟು ಸಲೀಸಾಗಿ ಆಯಿತೆಂದರೆ, ಅವರು ಯೋಚಿಸಿ ಮಾಡಿದ್ದಲ್ಲ ಅದು, ಎಂಟನೆಯ ವಯಸ್ಸಿನಲ್ಲಿ ಅಪ್ಪನ ದೋಣಿಯಲ್ಲಿ ಕಲಿತ ಕೈ ತಾನಾಗಿ ಮಾಡಿದ್ದು. ಹಿಡಿದದ್ದನ್ನು ಒದ್ದಾಡಲು ಬಿಡಬಾರದು.

ಡೆರಿಕ್ ಕ್ಯಾಮರಾ ಕೆಳಗಿಳಿಸಿದ.

"ಬದುಕುತ್ತಿರಲಿಲ್ಲ ಅದು. ಕಿವಿರು ಹರಿದಿದೆ" ಎಂದರು ವ್ಯಾಲೆಂಟೈನ್ ಇಂಗ್ಲಿಷಿನಲ್ಲಿ.

"ಅದನ್ನು ತೀರ್ಮಾನ ಮಾಡಲು ನೀನು ಯಾರು?" ಡೆರಿಕ್‌ನ ಮುಖ ಇನ್ನಷ್ಟು ಕೆಂಪಾಗಿತ್ತು. "ಇಲ್ಲಿ ನಾವು ಮೀನು ಕೊಲ್ಲುವುದಿಲ್ಲ. ಎಪ್ಪತ್ತೈದು ವರ್ಷದಲ್ಲಿ ಒಬ್ಬನೂ ಕೊಂದಿಲ್ಲ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಪಾಪದ ಮನುಷ್ಯ, ಸತ್ತ ಮೀನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, "ಹಾಗಾದರೆ ಇದನ್ನು ಮನೆಗೆ ಒಯ್ಯಬಹುದೇ? ನನ್ನ ಹೆಂಡತಿ ಅಡುಗೆ ಮಾಡುತ್ತಾಳೆ. ಹಾಳಾಗಬಾರದು" ಎಂದು ಕೇಳಿದರು.

ಆ ಮುಖಗಳು! ಕೊಚ್ಚೆಯಿಂದ ಎದ್ದು ಬಂದವನನ್ನು ನೋಡುವ ಹಾಗೆ ಅವರನ್ನು ನೋಡಿದರು. ಹಿಂದಿನಿಂದ ಒಬ್ಬ, ಇವರ ಜನ ಎಲ್ಲ ತಿಂದು ಖಾಲಿ ಮಾಡುತ್ತಾರೆ, ಅದಕ್ಕೇ ಕಾಲುವೆಯಲ್ಲಿ ಮೀನಿಲ್ಲ ಎಂದು ಗೊಣಗಿದ. ನನ್ನ ಪಕ್ಕದಲ್ಲಿ ಯಾರದೋ ಹೆಂಡತಿ, ಹಸಿರು ಕೋಟಿನವಳು, ಅರ್ಧ ತಿಂದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು. ಮೀನಿಗಾಗಿ ಅಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಅವನ ಜೊತೆಯವರಾ?" ಎಂದು ಕೇಳಿದಳು.

"ಇಲ್ಲ ಇಲ್ಲ" ಅಂದೆ. "ನಾನು ಸುಮ್ಮನೆ ಕಾರಿನಲ್ಲಿ ಬಿಡಲು ಬಂದೆ. ನಾನು ವೆಜಿಟೇರಿಯನ್."

ಹಾಗೆಂದು ಎರಡು ಹೆಜ್ಜೆ ಹಿಂದೆಯೂ ಸರಿದೆ. ಗಟ್ಟಿಯಾಗಿಯೇ ಹೇಳಿದ್ದೆ, ಎಲ್ಲರಿಗೂ ಕೇಳಲಿ ಎಂಬಂತೆ. ಮೀನು ಹಿಡಿದುಕೊಂಡಿದ್ದ ವ್ಯಾಲೆಂಟೈನ್ ತಿರುಗಿ ನನ್ನನ್ನು ನೋಡಿದರು, ಮತ್ತೆ ಆ ಕಡೆ ತಿರುಗಿಕೊಂಡರು. ಹಸಿರು ಕೋಟಿನವಳ ಮುಖ ಸಡಿಲವಾಯಿತು. ನಿಮ್ಮನ್ನು ಮೆಚ್ಚಬೇಕು ಎಂದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ಆ ಟೀಯನ್ನು ನಾನು ಕುಡಿದೆ.

ನಿಯಮದ ಪ್ರಕಾರ ದಂಡೆಯಿಂದ ಮೀನು ಹೊರಗೆ ಹೋಗುವಂತಿಲ್ಲ. ಡೆರಿಕ್ ಅದನ್ನು ಇಸಿದುಕೊಂಡು ಕಪ್ಪು ಚೀಲಕ್ಕೆ ತುರುಕಿ, ದಾರಿಯಂಚಿನ ಡಬ್ಬಿಗೆ ಹಾಕಿ ಬಂದ. ಮಧ್ಯಾಹ್ನ ಕೈಯೆತ್ತುವ ಶಾಸ್ತ್ರ ನಡೆಯಲೇ ಇಲ್ಲ. ನಿನ್ನ ವಿಷಯ ಆಮೇಲೆ ತಿಳಿಸುತ್ತೇವೆ ಎಂದರು. ಮರದ ಮೀನುಗಳನ್ನು ಒಬ್ಬನೂ ವಾಪಸ್ ಕೊಡಲಿಲ್ಲ. ವ್ಯಾಲೆಂಟೈನರ ನಲವತ್ತನೆಯದು ಇನ್ನೂ ಆ ಪೈಕಿನ ಗಂಟಲಲ್ಲೇ ಇತ್ತು, ಅದೂ ಚೀಲದೊಳಗೆ ಹೋಯಿತು.

ಕಾರಿನಲ್ಲಿ ವ್ಯಾಲೆಂಟೈನ್ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಮ್ಮ ಬೀದಿಗೆ ತಿರುಗುವಾಗ ಒಂದೇ ಮಾತು ಹೇಳಿದರು. "ನಾಯಿಹೇಲಿನ ಡಬ್ಬಿಗೆ ಹಾಕಿದ್ರು ಅಕ್ಕಾ. ತಿನ್ನುವ ಮೀನನ್ನು."

ಮೂರು ವಾರಕ್ಕೆ ಸಂಘದಿಂದ ಎರಡು ಸಾಲಿನ ಇಮೇಲ್ ಬಂತು. ಸದಸ್ಯತ್ವ ಪರಿಗಣಿಸಲಾಗುವುದಿಲ್ಲ, ಅತಿಥಿ ಚೀಟಿ ರದ್ದಾಗಿದೆ. ಅದೇ ವಾರ ಸಂಘದ ಫೇಸ್‌ಬುಕ್ ಪುಟದಲ್ಲಿ ಡೆರಿಕ್‌ನ ಫೋಟೊ ನೋಡಿದೆ. ಎದೆಗೆ ದೊಡ್ಡದೊಂದು ಪೈಕ್, ಅದರ ಬಾಯಲ್ಲಿ ನಾನು ಹಸಿರು ಬಳಿದ ಮರದ ಮೀನು. ಕೆಳಗೆ, ನಮ್ಮ ಸಂಸ್ಥಾಪಕರ ಮೀನು ಮರಳಿ ಕಾಲುವೆಗೆ ಬಂದಿದೆ, ಈ ವರ್ಷದ ಅತ್ಯುತ್ತಮ ಬೇಟೆ ಎಂದು ಬರೆದಿತ್ತು. ಮಾಡಿದವರ ಹೆಸರು ಎಲ್ಲಿಯೂ ಇಲ್ಲ. ಥೂ! ಕೈಯಿಂದ ಮಾಡಿದ್ದು ಬೇಕು, ಆ ಕೈ ಮಾತ್ರ ಅಸಹ್ಯ ಇವರಿಗೆ.

ಕೂತು ಪತ್ರ ಬರೆದೆ. ನನ್ನ ಇಂಗ್ಲಿಷ್ ಒಳ್ಳೆಯದು. ಆಸ್ಪತ್ರೆಯಲ್ಲಿದ್ದಾಗ ದೊಡ್ಡ ದೊಡ್ಡ ಡಾಕ್ಟರುಗಳ ತಪ್ಪು ತೋರಿಸಿ ಬರೆದು ಸೈ ಎನ್ನಿಸಿಕೊಂಡವಳು. ವ್ಯಾಲೆಂಟೈನ್ ಎಂಥ ಕೆಲಸಗಾರ, ಯಂತ್ರ ಕಟ್ಟಲು ಎಷ್ಟು ಪಾಡುಪಟ್ಟರು, ಸಾಯುವ ಮೀನಿಗೆ ಅವರು ಮಾಡಿದ್ದು ಯಾಕೆ ಕರುಣೆಯೇ ಹೊರತು ಕ್ರೌರ್ಯವಲ್ಲ, ಎಲ್ಲ ಬರೆದು, ಒಂದೂವರೆ ಪುಟ ಪ್ರಿಂಟ್ ತೆಗೆದುಕೊಂಡು ಅವರ ಮನೆಗೆ ಹೋದೆ. ನಿಜ ಹೇಳುತ್ತೇನೆ, ಅವರು ಓದಿ ನನ್ನನ್ನು ಕ್ಷಮಿಸಲಿ ಎಂಬ ಆಸೆಯೂ ಇತ್ತು.

ಅವರು ಶೆಡ್ಡಿನಲ್ಲಿದ್ದರು. ಯಂತ್ರದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿತ್ತು. ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಕೆಳಗೂ ತೋರುಬೆರಳು ಜಾರಿಸುತ್ತಾ ನಿಧಾನವಾಗಿ ಓದಿದರು. ಎರಡನೆಯ ಪ್ಯಾರಾದಲ್ಲಿ ಬೆರಳು ನಿಂತಿತು.

"ಇದು ಇಲ್ಲಿ ಯಾಕೆ ಅಕ್ಕಾ?"

ಬಗ್ಗಿ ನೋಡಿದೆ. ನಾನು ಹುಟ್ಟು ಸಸ್ಯಾಹಾರಿಯಾಗಿದ್ದರೂ, ಯಾವ ಪ್ರಾಣಿಯನ್ನು ಕೊಲ್ಲುವುದೂ ನನಗೆ ಸಹ್ಯವಲ್ಲದಿದ್ದರೂ, ಶ್ರೀ ರೆಬೆಲ್ಲೊ ಅವರ ಪರವಾಗಿ ಹೇಳಬಯಸುತ್ತೇನೆ ಎಂದಿತ್ತು.

"ಅದು... ಅವ್ರು ನನ್ನ ಮಾತು ನಂಬ್ಲಿ ಅಂತ ಹಾಕಿದೀನಿ" ಅಂದೆ.

"ಎಂತ ನಂಬಬೇಕು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮರದಲ್ಲಿ ಎಲ್ಲೋ ಹೆಚ್ಚಾಗಿ ಉಳಿದ ಭಾಗವನ್ನು ತೋರಿಸಿ ಕೇಳುವ ಹಾಗೆ ಕೇಳಿದರು. "ನೀವು ನನ್ನ ಹಾಗೆ ಅಲ್ಲ ಅಂತಲಾ?"

ಅವರು ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ಕೊಟ್ಟರು. ವೈಲೆಟ್ ಈಗ ಬರುತ್ತಾಳೆ, ಕೂತುಕೊಳ್ಳಿ ಎಂದರು. ನಾನು ಕೂರಲಿಲ್ಲ.

ಮನೆಗೆ ಬಂದು ಆ ಸಾಲು ತೆಗೆದು ಮತ್ತೆ ಬರೆದೆ. ಓದಿ ನೋಡಿದರೆ, ನನ್ನ ಆಚಾರ ವಿಚಾರಗಳು ಬೇರೆಯಾದರೂ ಎಂದು ಇನ್ನೊಂದು ಕಡೆ ಬಂದು ಕೂತಿತ್ತು. ಅದನ್ನು ಹೊಡೆದು ಮೂರನೆಯ ಸಲ ಬರೆದೆ. ಕೇವಲ ಒಬ್ಬ ನೆರೆಯವಳಾಗಿ ಎಂದು ಶುರುವಾಯಿತು. ನಾಲ್ಕನೆಯದರಲ್ಲಿ ಹಾಗೇನೂ ಇಲ್ಲ ಎಂದುಕೊಂಡೆ. ಕೊನೆಯಲ್ಲಿ ಹೆಸರಿನ ಮುಂದೆ ಡಾಕ್ಟರ್ ಆನಂದತೀರ್ಥರ ಪತ್ನಿ ಎಂದು ಬರೆದುಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿ ಕಂಪ್ಯೂಟರ್ ಮುಚ್ಚಿದೆ. ಪತ್ರ ಇನ್ನೂ ಹೋಗಿಲ್ಲ.